ಮಳೆಗಾಲದ ಮೊಬೈಲ್: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಕಾರವಾರ ಮತ್ತು ಅಂಕೋಲಾ ತಾಲೂಕಿನವರಿಗೆ. ಇಲ್ಲಿ ಮನೆಯಿದ್ದು ಗೋವಾ, ಮುಂಬಯಿ, ಬೆಂಗಳೂರು, ದುಬೈಗಳಲ್ಲಿ ದುಡಿಯುವವರಿಗೂ ಹೌದು. ಗುಡ್ಡ ಕುಸಿದ, ಹೊಳೆ ಏರಿದ ಸುದ್ದಿ ಬಂದ ಕೂಡಲೇ ಮೊಬೈಲ್ ಹಿಡಿದು ಕೂತು, ನಡುರಾತ್ರಿ ದಾಟಿದರೂ ಕೆಳಗಿಡಲಾಗದೆ, ಮರುದಿನ ಎದೆ ಭಾರ ಮಾಡಿಕೊಂಡು ಏಳುವವರು ಓದಬೇಕು. ಚಟಕ್ಕೆ ರೀಲ್ಸ್ ನೋಡುವವರ ಸಂಗತಿ ಬೇರೆ. ಅವರಿಗೆ ಬುದ್ಧಿ ಹೇಳಲು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಜನ ಪರದೆಗೆ ಅಂಟಿಕೊಳ್ಳುವುದು ಹೆದರಿಕೆಯಿಂದ. ನಮ್ಮವರಿಗೆ ಏನಾಯಿತೋ ಏನೋ ಎಂಬ ಹೆದರಿಕೆ. ನೋಡುತ್ತ ಇದ್ದಷ್ಟು ಹೊತ್ತು ಅವರನ್ನು ಕಾಯುತ್ತಿದ್ದೇವೆ ಅನ್ನಿಸುತ್ತದೆ. ಕಾಯುತ್ತಿಲ್ಲ. ಇದೊಂದನ್ನು ಒಪ್ಪಿಕೊಂಡರೆ ಕೆಳಗೆ ಬರೆದದ್ದೆಲ್ಲ ಪಾಲಿಸಲು ಸುಲಭ. ಒಪ್ಪಿಕೊಳ್ಳದಿದ್ದರೆ ಯಾವ ಸೂಚನೆಯೂ ಕೆಲಸಕ್ಕೆ ಬಾರದು.

2024ರ ಮಳೆಗಾಲ

ಈ ಸೂಚನೆ ಬರೆಯಲು ಕಾರಣ 2024. ಆ ವರ್ಷ ಜುಲೈ 16ರ ಮಂಗಳವಾರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಹೆದ್ದಾರಿ ಬದಿಯ ಚಹಾ ಅಂಗಡಿ, ಅಲ್ಲೇ ಸಂಸಾರ ಮಾಡಿಕೊಂಡಿದ್ದವರು, ಚಹಾಕ್ಕೆಂದು ನಿಂತ ವಾಹನಗಳು, ಎಲ್ಲ ಮಣ್ಣಿನ ಜೊತೆ ಹೋದವು. ಗಂಗಾವಳಿ ನದಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಹನ್ನೊಂದು ಮಂದಿಯನ್ನು ಕಳೆದುಕೊಂಡೆವು. ಎರಡು ವಾರ ಕಳೆದು ಜುಲೈ 30ಕ್ಕೆ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿತ. ಅದರ ದೃಶ್ಯಗಳು ಇನ್ನೂ ಕಣ್ಣಲ್ಲಿರುವಾಗಲೇ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕೋಡಿಬಾಗ–ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು, ಒಂದು ಲಾರಿ ನದಿಗೆ ಬಿತ್ತು. ಅದರ ಚಾಲಕನನ್ನು ಪೊಲೀಸರು, ಮೀನುಗಾರರು ಸೇರಿ ಬದುಕಿಸಿದರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ಬೈತಖೋಲದಲ್ಲೂ ಬೇಲೇಕೇರಿಯಲ್ಲೂ ಬೋಟುಗಳನ್ನು ಕಟ್ಟಿಹಾಕಿದ್ದರು. ಶಾಲೆಗಳಿಗೆ ಮಳೆ ರಜೆ. ಹೆದ್ದಾರಿ ಬಂದ್. ಮನೆಯೊಳಗೆ ಕೂತ ಜನಕ್ಕೆ ಬೇರೆ ಏನಿತ್ತು? ಕೇರಳದ ಲಾರಿ ಚಾಲಕನೊಬ್ಬನ ಹುಡುಕಾಟ ಮುಗಿಯಲು ಎಪ್ಪತ್ತೆರಡು ದಿನ ಹಿಡಿಯಿತು. ಸೆಪ್ಟೆಂಬರ್ 25ಕ್ಕೆ ಗಂಗಾವಳಿಯಿಂದ ಲಾರಿಯನ್ನೂ ಅದರೊಳಗಿದ್ದ ದೇಹವನ್ನೂ ಎತ್ತಿದರು. ಅಷ್ಟು ದಿನವೂ ಯಾರೋ ಒಬ್ಬರು ದಡದಲ್ಲಿ ನಿಂತು ನೇರಪ್ರಸಾರ ಮಾಡುತ್ತಿದ್ದರು, ಮತ್ತೊಬ್ಬರು ಮನೆಯಲ್ಲಿ ಕೂತು ನೋಡುತ್ತಿದ್ದರು. ಲಾರಿ ಸಿಕ್ಕ ದಿನವೂ ಇಲ್ಲಿಯ ಇಬ್ಬರ ಸುಳಿವು ಸಿಕ್ಕಿರಲಿಲ್ಲ. ಅವರ ಬಗ್ಗೆ ಬಂದ ವಿಡಿಯೊಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಪರದೆ ಯಾರ ದುಃಖವನ್ನು ಎಷ್ಟು ತೋರಿಸುತ್ತದೆ ಎಂಬುದಕ್ಕೂ ಯಾರ ದುಃಖ ಎಷ್ಟು ಎಂಬುದಕ್ಕೂ ಸಂಬಂಧವಿಲ್ಲ ಎಂದು ನಮ್ಮ ತಾಲೂಕಿಗೆ ಚೆನ್ನಾಗಿ ಗೊತ್ತಾದದ್ದು ಆಗಲೇ.

ಸುದ್ದಿ ಬಂದ ಮೊದಲ ಗಂಟೆ

ಮೊದಲು ಫೋನ್ ಮಾಡಿ. ಯೂಟ್ಯೂಬ್ ತೆರೆಯಬೇಡಿ. ನಿಮ್ಮವರು ಆ ದಾರಿಯಲ್ಲಿ ಇದ್ದಾರೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಇಬ್ಬರೇ: ಅವರು, ಅಥವಾ ಅವರ ಜೊತೆಗಿರುವವರು. ಲೈನ್ ಸಿಗದಿದ್ದರೆ ಎಸ್ಸೆಮ್ಮೆಸ್ ಹಾಕಿ; ಮಾತಿಗೆ ಸಿಗದ ನೆಟ್‌ವರ್ಕ್ ಎಷ್ಟೋ ಸಲ ಅಕ್ಷರಕ್ಕೆ ಸಿಗುತ್ತದೆ. ಉತ್ತರ ಬಂದ ಮೇಲೆ ಅದನ್ನು ಮನೆಯವರಿಗೆಲ್ಲ ಒಂದೇ ಸಲ ತಿಳಿಸಿ, ಫೋನ್ ಕೆಳಗಿಡಿ.

ಉತ್ತರ ಬರದಿದ್ದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ತುರ್ತು ಇದ್ದರೆ 112. ವಾಹನದ ಬಣ್ಣ, ನಂಬರು, ಕೊನೆಯ ಸಲ ಮಾತಾಡಿದ ಹೊತ್ತು, ಜಾಗ, ಇವನ್ನು ಒಂದು ಕಾಗದದ ಮೇಲೆ ಬರೆದುಕೊಂಡೇ ಮಾಡಿ. ಗಾಬರಿಯಲ್ಲಿ ಸ್ವಂತ ಅಣ್ಣನ ಬೈಕ್ ನಂಬರೂ ನೆನಪಾಗುವುದಿಲ್ಲ.

ಹೊಳೆಯ ವಿಡಿಯೊ ಕೇಳಬೇಡಿ. ಇದು ದೂರದಲ್ಲಿರುವವರಿಗೆ. “ಹೊಳೆ ಎಷ್ಟು ಬಂದದೆ, ಒಂದು ವಿಡಿಯೊ ಮಾಡಿ ಹಾಕು ನೋಡುವಾ” ಎಂದು ನೀವು ಶಾರ್ಜಾದಿಂದ ಹೇಳುತ್ತೀರಿ. ತಮ್ಮ ಕೊಡೆ ಹಿಡಿದು, ಒಂದು ಕೈಯಲ್ಲಿ ಮೊಬೈಲ್ ಎತ್ತಿ, ಜಾರುವ ದಡದ ತುದಿಗೆ ಹೋಗುತ್ತಾನೆ. ನಿಮ್ಮ ಸಮಾಧಾನಕ್ಕೆಂದು ಅವನು ಅಲ್ಲಿ ನಿಂತಿದ್ದಾನೆ. ಹೊಳೆ ಎಷ್ಟು ಬಂದಿದೆ ಎಂಬುದನ್ನು ಅವನು ಬಾಯಲ್ಲಿ ಹೇಳಿದರೆ ಸಾಕು: ಮೆಟ್ಟಿಲಿಗೆ ಬಂದಿದೆಯೋ, ತೋಟಕ್ಕೆ ನುಗ್ಗಿದೆಯೋ, ಅಂಗಳಕ್ಕೆ ಬಂದಿದೆಯೋ. ಅಂಗಳಕ್ಕೆ ಬಂದಿದ್ದರೆ ಮಾತು ಬೆಳೆಸಬೇಡಿ, ಮನೆ ಬಿಡಲು ಹೇಳಿ.

ದೂರದಲ್ಲಿದ್ದಷ್ಟೂ ಹುಚ್ಚು ಹೆಚ್ಚು, ಅದು ಸಹಜ. ಕೈಯಲ್ಲಿ ಏನೂ ಮಾಡಲಾಗದವರು ಕಣ್ಣಲ್ಲಿ ಮಾಡಲು ನೋಡುತ್ತಾರೆ. ಆ ಕೈಗೆ ಒಂದು ಕೆಲಸ ಕೊಡಿ. ಪಕ್ಕದ ಮನೆಯವರ ನಂಬರನ್ನು ಈಗಲೇ ಉಳಿಸಿಟ್ಟುಕೊಳ್ಳಿ, ಗ್ರಾಮ ಪಂಚಾಯಿತಿಯದ್ದನ್ನೂ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಮನೆಗೆ ಫೋನ್ ಎಂದು ನಿಗದಿ ಮಾಡಿ. ತಾಸಿಗೊಮ್ಮೆ ವಿಡಿಯೊ ಕಾಲ್ ಮಾಡಿ ಆಯಿಯ ಮುಖ ನೋಡಿ ನೀವು ಅತ್ತರೆ, ಅವಳು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಆ ಹೊತ್ತಿಗೆ ಅವಳಿಗೆ ಬೇರೆ ಕೆಲಸವಿರುತ್ತದೆ.

ಎಷ್ಟು ನೋಡಬೇಕು, ಎಲ್ಲಿ ನೋಡಬೇಕು

ಮನೆಗೆ ಒಬ್ಬರನ್ನು ನೇಮಿಸಿ. ಸುದ್ದಿ ನೋಡುವುದು ಅವರ ಕೆಲಸ, ಉಳಿದವರು ಅವರನ್ನು ಕೇಳಬೇಕು. ಮನಸ್ಸು ಗಟ್ಟಿ ಇರುವವರು, ಓದಿದ್ದನ್ನು ಉಪ್ಪು ಖಾರ ಹಚ್ಚದೆ ಹೇಳುವವರು ಬೇಕು. ಎಲ್ಲ ಮನೆಯಲ್ಲೂ ಅಂಥ ಒಬ್ಬರಿರುತ್ತಾರೆ. ಸಾಮಾನ್ಯವಾಗಿ ಅವರು ಅತಿ ಹೆಚ್ಚು ಮಾತಾಡುವವರಾಗಿರುವುದಿಲ್ಲ.

ದಿನಕ್ಕೆ ಎರಡು ಹೊತ್ತು ಸಾಕು. ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ನೀವು ಬೆರಳು ತಳ್ಳಿದಾಗಲೆಲ್ಲ ಬದಲಾಗುವುದಿಲ್ಲ. ಅದರ ಅಳತೆಗಳನ್ನೂ ಬಣ್ಣಗಳ ಅರ್ಥವನ್ನೂ ಒಮ್ಮೆ ಕಲಿತುಕೊಳ್ಳಿ: ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ ಎಂದು ಇಲಾಖೆಯ ಲೆಕ್ಕ. ರೆಡ್ ಅಲರ್ಟ್ ಎಂದರೆ ಕ್ರಮ ಕೈಗೊಳ್ಳಿ ಎಂದು. ಕೂತು ನೋಡಿ ಎಂದಲ್ಲ. ಗುಡ್ಡದ ಬುಡದಲ್ಲಿ ಮನೆಯಿದ್ದರೆ ಆ ದಿನ ರಾತ್ರಿ ಬೇರೆ ಕಡೆ ಮಲಗಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಹಾಕಿಕೊಂಡರೆ ಎಚ್ಚರಿಕೆ ತಾನಾಗಿಯೇ ಬರುತ್ತದೆ, ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಕಾಗದದ ಪತ್ರಿಕೆ ಓದಿ, ಕಾರವಾರ ಆಕಾಶವಾಣಿ ಕೇಳಿ. ಕರೆಂಟ್ ಹೋಗಿ ಎರಡು ದಿನವಾದರೂ ಸೆಲ್ ಹಾಕಿದ ರೇಡಿಯೊ ಮಾತಾಡುತ್ತದೆ, ಮೊಬೈಲಿನ ಚಾರ್ಜು ನಿಜವಾಗಿ ಬೇಕಾದ ಕರೆಗೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಗುಣವೆಂದರೆ ಇವೆರಡಕ್ಕೂ ಕೊನೆ ಇದೆ. ಪತ್ರಿಕೆಗೆ ಕೊನೆಯ ಪುಟ, ವಾರ್ತೆಗೆ ‘ಇಲ್ಲಿಗೆ ವಾರ್ತೆ ಮುಗಿಯಿತು’. ಮೊಬೈಲಿನ ಪರದೆಗೆ ಮೊದಲು ಹಾಗೆ ಒಂದು ಕೊನೆ ಇತ್ತು. ಪುಟ ಮುಗಿದರೆ ಮುಂದಿನದ್ದನ್ನು ಒತ್ತಬೇಕಿತ್ತು, ಒತ್ತುವ ಮೊದಲು ಒಂದು ಕ್ಷಣ ಸಾಕಪ್ಪಾ ಅನ್ನಿಸುತ್ತಿತ್ತು. 2006ರಲ್ಲಿ ಏಝಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ ಆ ಕ್ಷಣವನ್ನು ತೆಗೆದುಹಾಕುವ ಉಪಾಯ ಮಾಡಿದ. ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟ. ಪಶ್ಚಾತ್ತಾಪದಿಂದ ನಮಗೇನೂ ಲಾಭವಿಲ್ಲ, ಆ ಕೊನೆಯನ್ನು ನಾವೇ ಹಾಕಿಕೊಳ್ಳಬೇಕು.

ಅದಕ್ಕೆ ಮೊಬೈಲಿನಲ್ಲೇ ಮೂರು ಕಡೆ ಕೈಹಾಕಿ. ಬಿಸಿಲಿರುವಾಗ, ತಲೆ ಸರಿಯಿರುವಾಗ ಮಾಡಿಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಿ. ಆಗ ಹೆಣದ ಚಿತ್ರ ನಿಮ್ಮ ಅನುಮತಿಯಿಲ್ಲದೆ ನಿಮ್ಮ ಗ್ಯಾಲರಿಯಲ್ಲಿ ಬಂದು ಕೂರುವುದಿಲ್ಲ. ಯೂಟ್ಯೂಬ್‌ನಲ್ಲಿ ನೋಡಿದ್ದರ ಇತಿಹಾಸವನ್ನು ಅಳಿಸಿ, ಬಂದ್ ಮಾಡಿ. ಮುಖಪುಟ ಖಾಲಿಯಾಗುತ್ತದೆ, ಬೇಕಾದ್ದನ್ನು ನೀವೇ ಹುಡುಕಿ ನೋಡಬೇಕಾಗುತ್ತದೆ. ಇನ್‌ಸ್ಟಾಗ್ರಾಮ್ ಇದ್ದವರು ಬೇಡದ ದೃಶ್ಯದ ಮೇಲೆ ಒತ್ತಿ ಹಿಡಿದು ‘ಆಸಕ್ತಿ ಇಲ್ಲ’ ಎಂದು ತಿಳಿಸಿ. ಅಲ್ಗಾರಿದಮ್‌ಗೆ ನಿಮ್ಮ ದುಃಖ ತಿಳಿಯದು. ಕುಸಿತದ ವಿಡಿಯೊ ಮೇಲೆ ನೀವು ನಿಂತಿರಿ ಎಂಬುದಷ್ಟೇ ಅದಕ್ಕೆ ಗೊತ್ತು. ಇನ್ನೂ ಹತ್ತು ಕುಸಿತ ತಂದು ಸುರಿಯುತ್ತದೆ, ಹಿಮಾಚಲದ್ದು, ಇಂಡೊನೇಷ್ಯದ್ದು, ಯಾವ ಕಾಲದ್ದೋ. ಹತ್ತನೆಯದು ಮುಗಿಯುವ ಹೊತ್ತಿಗೆ ಇಡೀ ಭೂಮಿಯೇ ಕುಸಿಯುತ್ತಿದೆ ಅನ್ನಿಸಿರುತ್ತದೆ.

‘ನಾನೇನು ಅಲ್ಲಿ ಇರಲಿಲ್ಲವಲ್ಲ, ಬರೀ ನೋಡಿದೆ’ ಎಂದು ತಳ್ಳಿಹಾಕಬೇಡಿ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸಾವಿರಾರು ಜನರನ್ನು ವಿಚಾರಿಸಿದರು. ಮೊದಲ ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿ ನೋಡಿದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಾಗಿ ಕಂಡವು. 2014ರಲ್ಲಿ ಅದು ಪ್ರಕಟವಾಯಿತು. ಇದರಿಂದ ಉಳುವರೆಯಲ್ಲಿ ಮನೆ ಕಳೆದುಕೊಂಡವರ ನೋವು ಸಣ್ಣದು ಎಂದು ಯಾರೂ ಅರ್ಥ ಮಾಡಬಾರದು. ನೋಡಿದವರಿಗೂ ಪೆಟ್ಟಾಗುತ್ತದೆ, ಗಂಟೆ ಏರಿದಂತೆ ಪೆಟ್ಟೂ ಏರುತ್ತದೆ ಎಂಬಷ್ಟು ಮಾತ್ರ ನಮಗೆ ಬೇಕಾದ್ದು.

ಗ್ರೂಪುಗಳಲ್ಲಿ

ಎರಡು ಬಾಣದ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ. ವಾಟ್ಸ್ಆ್ಯಪ್ ಸಂದೇಶದ ತಲೆಯ ಮೇಲೆ ಒಂದು ಬಾಣದ ಬದಲು ಎರಡು ಬಾಣ ಇದ್ದರೆ, ಅದು ಐದು ಕೈಯಾದರೂ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಲು ಬರುತ್ತದೆ. ಕಂಪನಿಯೇ ಇಷ್ಟು ಅನುಮಾನ ಪಟ್ಟಮೇಲೆ ನೀವು ನಂಬುವುದೇಕೆ? ಜಿಲ್ಲಾಧಿಕಾರಿ ಹೆಸರಿನ ನಕಲಿ ರಜೆ ಆದೇಶ ಕರಾವಳಿಯಲ್ಲಿ ಮಳೆಗಾಲದ ಹಳೆಯ ಪದ್ಧತಿ. ತಾರೀಖು ತಿದ್ದಿದ ಕಳೆದ ವರ್ಷದ ಆದೇಶ, ಸಹಿ ಮಾತ್ರ ಅಸಲಿ. ಶಾಲೆಗೇ ಫೋನ್ ಮಾಡಿ ಕೇಳಿ.

ಮೃತರ ಮುಖ ಹಂಚಕೂಡದು. ಅಳುತ್ತಿರುವವರ ಮುಖವನ್ನೂ ಹಂಚಕೂಡದು. ಶವ ಮೇಲೆತ್ತುವ ದೃಶ್ಯವನ್ನು ಹಂಚಲೇಕೂಡದು. ಇದಕ್ಕೆ ‘ಆದರೆ’ ಇಲ್ಲ. ಸತ್ತವರ ಮನೆಯವರು ಅದೇ ಗ್ರೂಪಿನಲ್ಲಿರುತ್ತಾರೆ. ಅಂಕೋಲಾ ಅಷ್ಟು ದೊಡ್ಡ ಊರಲ್ಲ.

ಅಡ್ಮಿನ್ ಆದವರು ಬರೀ ಹೆಸರಿಗೆ ಅಡ್ಮಿನ್ ಆಗಿ ಕೂರಬಾರದು. ಆಪತ್ತಿನ ದಿನ ‘ಅಡ್ಮಿನ್ ಮಾತ್ರ ಕಳಿಸಬಹುದು’ ಎಂಬುದಕ್ಕೆ ಬದಲಿಸಿ, ದಿಟ ಮಾಡಿಕೊಂಡ ಸುದ್ದಿ ಮಾತ್ರ ಹಾಕಿ: ಯಾವ ರಸ್ತೆ ಬಂದ್, ಕಾಳಜಿ ಕೇಂದ್ರ ಎಲ್ಲಿ, ಬಸ್ಸು ಯಲ್ಲಾಪುರದ ಮೇಲೆ ಹೋಗುತ್ತದೋ ಶಿರಸಿ ಮೇಲೋ. ಯಾರಾದರೂ ಸಿಟ್ಟಾದರೆ ಆಗಲಿ, ಮಳೆ ನಿಂತ ಮೇಲೆ ಸರಿಹೋಗುತ್ತಾರೆ.

ಕಮೆಂಟಿನಲ್ಲಿ ಜಗಳಕ್ಕೆ ಇಳಿಯಬೇಡಿ. 2024ರಲ್ಲಿ ಎಷ್ಟೋ ಜನರ ನಿದ್ದೆ ಕೆಡಿಸಿದ್ದು ಮಣ್ಣಿಗಿಂತ ಇದೇ. ಆಚೆ ಕೇರಳದವರು ಕರ್ನಾಟಕ ಏನೂ ಮಾಡುತ್ತಿಲ್ಲ ಎಂದರು. ಈಚೆಯವರು ನಮ್ಮ ಸತ್ತವರು ನಿಮಗೆ ಕಾಣುವುದಿಲ್ಲವೇ ಎಂದರು. ಎರಡೂ ಕಡೆ ಸಂಕಟವಿತ್ತು, ಎರಡೂ ಕಡೆಯವರು ಅದನ್ನು ಬೈಗುಳದಲ್ಲಿ ತೀರಿಸಿಕೊಂಡರು. ದಡದಲ್ಲಿ ಉಡುಪಿಯಿಂದ ಬಂದ ಈಶ್ವರ ಮಲ್ಪೆ ಮತ್ತವರ ತಂಡ ನದಿಯಲ್ಲಿ ಮುಳುಗು ಹಾಕುತ್ತಿತ್ತು, ಊರವರು ಬಂದವರಿಗೆ ಊಟ ಹಾಕುತ್ತಿದ್ದರು. ಕಮೆಂಟಿನಲ್ಲಿ ಕಾದಾಡಿದವರ್‍ಯಾರೂ ಅಲ್ಲಿರಲಿಲ್ಲ. ಆಮೇಲಾದರೂ ನಿಂತಿತೇ? ಕೇರಳದ ಆ ಲಾರಿ ಚಾಲಕನ ಮನೆಯವರು ಸೈಬರ್ ದಾಳಿಯ ವಿರುದ್ಧ ಪೊಲೀಸರ ಬಳಿ ಹೋಗಬೇಕಾಯಿತು. ದುಃಖದಲ್ಲಿದ್ದ ಮನೆಗೆ ನೋಡುಗರು ಕೊಟ್ಟ ಉಡುಗೊರೆ ಅದು.

ಸಿಟ್ಟು ಬಂದಿದ್ದರೆ, ಬರಬೇಕಾದ್ದೇ. ಗುಡ್ಡ ಕಡಿದು ರಸ್ತೆ ಮಾಡಿದ ರೀತಿಗೆ, ಎಚ್ಚರಿಕೆ ಇದ್ದೂ ಕೇಳದವರಿಗೆ ಸಿಟ್ಟು ಬರದಿದ್ದರೆ ಹೇಗೆ? ಆ ಸಿಟ್ಟನ್ನು ಅರ್ಜಿ ಮಾಡಿ. ನಿಮ್ಮ ಮನೆ ಹಿಂದಿನ ಧರೆಯ ಫೋಟೊ ತೆಗೆದು, ತಾರೀಖು ಹಾಕಿ, ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅರ್ಜಿಯಿಂದ ಗುಡ್ಡ ನಿಲ್ಲದಿದ್ದರೂ ಅದಕ್ಕೊಂದು ದಾಖಲೆ ಉಳಿಯುತ್ತದೆ. ಕಮೆಂಟಿಗೆ ಅದೂ ಇಲ್ಲ.

ಮಕ್ಕಳು ಮತ್ತು ರಾತ್ರಿ

ಮಳೆ ರಜೆ ಸಿಕ್ಕ ಮಗುವಿನ ಕೈಗೆ ನಿಮ್ಮ ಮೊಬೈಲ್ ಕೊಡಬೇಡಿ. ಹಿಂದಿನ ರಾತ್ರಿ ನೀವು ನೋಡಿದ್ದೇ ಬೆಳಿಗ್ಗೆ ಅದರ ಮುಂದೆ ಬರುತ್ತದೆ. ಮಕ್ಕಳಿಗೆ ಇದು ಹಳೆಯ ವಿಡಿಯೊ, ಅದೇ ದೃಶ್ಯ ಮತ್ತೆ ತೋರಿಸುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಆರು ಸಲ ನೋಡಿದರೆ ಅವರ ಲೆಕ್ಕದಲ್ಲಿ ಆರು ಗುಡ್ಡ ಬಿದ್ದಿರುತ್ತವೆ. “ನಮ್ಮನೆ ಹಿಂದಿನ ಗುಡ್ಡನೂ ಬೀಳ್ತದಾ ಆಯಿ?” ಎಂದು ಕೇಳಿದರೆ ಸುಮ್ಮನಿರು ಎಂದು ಗದರಬೇಡಿ, ಏನೂ ಆಗುವುದಿಲ್ಲ ಎಂದು ಸುಳ್ಳೂ ಹೇಳಬೇಡಿ. ನಿಜವಾದ ಉತ್ತರ ಕೊಡಿ: ಜೋರು ಮಳೆ ಬಂದರೆ ನಾವು ಇಂಥವರ ಮನೆಗೆ ಹೋಗುತ್ತೇವೆ, ನಿನ್ನ ಚೀಲ ನೀನೇ ಹಿಡಿದುಕೊಳ್ಳಬೇಕು. ಕೆಲಸ ಸಿಕ್ಕ ಮಗುವಿಗೆ ಅರ್ಧ ಹೆದರಿಕೆ ಇಳಿಯುತ್ತದೆ.

ಮಗುವಿನ ಮುಂದೆ ಕ್ಯಾಮೆರಾ ಹಿಡಿಯುವವರನ್ನು ಅಂಗಳಕ್ಕೆ ಬಿಟ್ಟುಕೊಳ್ಳಬೇಡಿ. ಶಿರೂರಿನ ಸಮಯದಲ್ಲಿ ಕೇರಳದಲ್ಲಿ ಕಾಣೆಯಾದ ಲಾರಿ ಚಾಲಕನ ಪುಟ್ಟ ಮಗನನ್ನೇ ಮಾತಾಡಿಸಿ ವಿಡಿಯೊ ಮಾಡಿದರು, ಮಕ್ಕಳ ಹಕ್ಕುಗಳ ಆಯೋಗ ಮಧ್ಯೆ ಬರಬೇಕಾಯಿತು.

ರಾತ್ರಿ ಮೊಬೈಲನ್ನು ದಿಂಬಿನ ಕೆಳಗಿಡಬೇಡಿ. ಕರೆ ಬಂದರೆ ಗೊತ್ತಾಗದಿದ್ದರೆ ಎಂಬ ಅಂಜಿಕೆ ನ್ಯಾಯವಾದದ್ದೇ. ಕಾಳಿ ಸೇತುವೆ ಬಿದ್ದದ್ದು ರಾತ್ರಿಯೇ. ಅದಕ್ಕೆ ದಾರಿ ಇದೆ. ‘ಡು ನಾಟ್ ಡಿಸ್ಟರ್ಬ್’ ಹಾಕಿ, ಮನೆಯವರ ನಂಬರುಗಳಿಗೆ ಮಾತ್ರ ವಿನಾಯಿತಿ ಕೊಡಿ, ರಿಂಗ್ ಜೋರಾಗಿಟ್ಟು ಎದ್ದು ಹೋಗಿ ತೆಗೆದುಕೊಳ್ಳಬೇಕಾದಷ್ಟು ದೂರದಲ್ಲಿಡಿ. ಕರೆ ಕೇಳುತ್ತದೆ, ರೀಲು ಕೈಗೆ ಸಿಗುವುದಿಲ್ಲ.

ಇದನ್ನೆಲ್ಲ ಒಬ್ಬರೇ ಮಾಡಲು ಹೋದರೆ ಮೂರನೆಯ ದಿನಕ್ಕೆ ಕೈಬಿಡುತ್ತೀರಿ. ಅಂಕೋಲಾದ ಬಡಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ನಿಂತಾಗ ಕುಡುಕರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಉಪದೇಶ ಮಾಡುತ್ತ ಹೋಗಲಿಲ್ಲ, ಊರ ಹೆಂಗಸರನ್ನು ಕಟ್ಟಿಕೊಂಡರು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್‌ನಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಕೂಗುತ್ತದೆ. ಒಂದೂವರೆ ತಾಸು ಊರಿಗೆ ಊರೇ ಟಿವಿ, ಮೊಬೈಲ್ ಬಂದ್ ಮಾಡುತ್ತದೆ. ನಮ್ಮಲ್ಲಿ ಸೈರನ್ ಬೇಡ, ಮಳೆಗಾಲದಲ್ಲಿ ಸೈರನ್ ಕೇಳಿದರೆ ಜನ ಓಡುತ್ತಾರೆ. ಒಂದು ಕೇರಿ, ಒಂದು ಸ್ವಸಹಾಯ ಸಂಘ, ಅಷ್ಟೂ ಆಗದಿದ್ದರೆ ಅಕ್ಕಪಕ್ಕದ ಎರಡು ಮನೆ ಮಾತಾಡಿಕೊಂಡು ಊಟದ ಹೊತ್ತಿಗೆ ಫೋನ್ ಒಳಗಿಟ್ಟರೆ ಸಾಕು.

ಇಷ್ಟಕ್ಕೂ ಇಳಿಯದಿದ್ದರೆ

ಮಳೆಯ ಸದ್ದಿಗೇ ಎದೆ ಹೊಡೆದುಕೊಳ್ಳುವುದು, ಕಣ್ಣು ಮುಚ್ಚಿದರೆ ಅದೇ ದೃಶ್ಯ, ಊಟ ಸೇರದಿರುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎರಡು ವಾರ ದಾಟಿದರೆ ತೋರಿಸಿಕೊಳ್ಳಬೇಕು. ‘ನಮಗೇನೂ ಆಗಿಲ್ಲ, ಅವರಿಗೆ ಆದದ್ದು’ ಎಂದು ನಾಚಬೇಡಿ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ನಡೆಯುವ ಉಚಿತ ಸರ್ಕಾರಿ ಸೇವೆ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ಕ್ರಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಅಂಕೋಲಾದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ, ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿಕೊಳ್ಳಿ. ಮೊಬೈಲ್ ಬಿಡುವುದೇ ಕಷ್ಟವಾಗಿ ಓದು, ಕೆಲಸ ಕೆಟ್ಟವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ.

ಯಾರಾದರೂ ಬದುಕಿ ಏನು ಮಾಡುವುದು ಎಂಬಂಥ ಮಾತು ಆಡಿದರೆ, ಅಥವಾ ಸ್ಟೇಟಸ್‌ನಲ್ಲಿ ಬರೆದರೆ, ಕೆಳಗೆ ಅಳುವ ಚಿತ್ರ ಒತ್ತಿ ಮುಂದೆ ಹೋಗಬೇಡಿ. ಅವರ ಮನೆಗೆ ಹೋಗಿ. ದೂರದಲ್ಲಿದ್ದರೆ ಹತ್ತಿರದವರನ್ನು ಕಳಿಸಿ, ಅವರು ಮುಟ್ಟಿದೆ ಎನ್ನುವವರೆಗೆ ಫೋನಿನಲ್ಲಿರಿ. ಒಬ್ಬರನ್ನೇ ಬಿಡಬೇಡಿ. ಆಂಬುಲೆನ್ಸ್‌ಗೆ 108.